ಮೀನು ಮಾರ್ಕೆಟ್ಟಿನ ಹಿಂದಿನ ನಲವತ್ತು ಹೆಜ್ಜೆ

ಬೆಳಿಗ್ಗೆ ಆರೂವರೆಗೆ ಸುತ್ತಿಗೆಯಕ್ಕ ಹಳಿಗೆ ಮೂರು ಏಟು ಹಾಕುತ್ತಿದ್ದರು. ಟಣ್, ಟಣ್, ಟಣ್. ಹಳಿ ಗಟ್ಟಿಯಾಗಿದೆಯೇ ಎಂದು ನೋಡುವುದಕ್ಕಲ್ಲ. ಮುಂದಿನ ತಿರುವಿನಾಚೆ ಸಾಲಾಗಿ ಕುಕ್ಕರುಗಾಲಲ್ಲಿ ಕೂತ ಗಂಡಸರು ಎದ್ದು ಬಟ್ಟೆ ಸರಿಮಾಡಿಕೊಳ್ಳಲಿ ಎಂದು. ಶಬ್ದ ಉಕ್ಕಿನಲ್ಲಿ ಗಾಳಿಗಿಂತ ಹದಿನೈದು ಪಟ್ಟು ವೇಗವಾಗಿ ಹೋಗುತ್ತದೆ. ಹಾಗಾಗಿ ಸುದ್ದಿ ಕ್ಷಣಾರ್ಧದಲ್ಲಿ ಮುಟ್ಟುತ್ತಿತ್ತು. ಏಳುವವರಿಗೆ ಮಾತ್ರ ಅಂಥ ಅವಸರವೇನೂ ಇರುತ್ತಿರಲಿಲ್ಲ.

"ಹತ್ತೊಂಬತ್ತು ವರ್ಷ ಆಯ್ತು ಸಾರ್," ಎಂದಿದ್ದರು ನನ್ನ ಹತ್ತಿರ. "ಈ ಊರಿನ ಅರ್ಧ ಗಂಡಸರನ್ನ ನಾನು ಬೆನ್ನಿಂದಲೇ ಗುರುತು ಹಿಡೀತೀನಿ. ಮದುವೆಮನೇಲಿ ಎದುರಿಗೆ ಬಂದು 'ನಿಮ್ಮನ್ನ ಎಲ್ಲೋ ನೋಡಿದೀನಲ್ಲಾ ಅಕ್ಕಾ' ಅಂತಾರೆ. ಎಲ್ಲಿ ಅಂತ ಬಾಯಿಬಿಟ್ಟು ಹೇಳಕ್ಕಾಗುತ್ತಾ?"

ಅವರ ಹುದ್ದೆಯ ಹೆಸರು ಕೀಮ್ಯಾನ್. ಅಪ್ಪ ತೀರಿಕೊಂಡ ಮೇಲೆ ಆ ಕೆಲಸ ಮಗಳಿಗೆ ಬಂತು. ಹೆಂಗಸು ಬಂದಳೆಂದು ಇಲಾಖೆ ಹುದ್ದೆಯ ಹೆಸರನ್ನೇನೂ ಬದಲಾಯಿಸಲಿಲ್ಲ. ಹಳಿಯನ್ನು ಹಿಡಿದಿಡುವ ಕಬ್ಬಿಣದ ಕೀಲಿಗಳು ಸಡಿಲವಾಗಿದ್ದರೆ ಸುತ್ತಿಗೆಯಿಂದ ಬಡಿದು ಕೂರಿಸಬೇಕು. ಅಪಾಯ ಕಂಡರೆ ಕೆಂಪು ಬಾವುಟ ನೆಡಬೇಕು. ಕೊನೆಗೆ ಡೈರಿಯಲ್ಲಿ 'ಲೈನು ಸುರಕ್ಷಿತ' ಎಂದು ಬರೆದು ಸಹಿ ಮಾಡಬೇಕು. ಭಾನುವಾರ ಒಂದು ಬಿಟ್ಟು ದಿನವೂ ಇಷ್ಟೇ ಕೆಲಸ.

ಲೈನು ಇದ್ದದ್ದು ಮೂರೇ ಕಿಲೋಮೀಟರ್. ದೊಡ್ಡ ಸ್ಟೇಷನ್ ಊರಾಚೆಯಿದೆ. ಅಲ್ಲಿಂದ ಒಂದು ಒಂಟಿ ಹಳಿಜೋಡಿ ಊರೊಳಗೆ ನುಗ್ಗಿ, ಮನೆಗಳ ಹಿತ್ತಿಲುಗಳನ್ನೂ ಅಂಗಡಿಗಳ ಹಿಂಗೋಡೆಗಳನ್ನೂ ಉಜ್ಜಿಕೊಂಡು ಹೋಗಿ, ಪೇಟೆಯ ನಡುವಿನ ಹಳೇ ಗೋದಾಮಿನೆದುರು ನಿಲ್ಲುತ್ತದೆ. ವಾರಕ್ಕೆರಡು ಸಲ ಸಿಮೆಂಟಿನ ಗೂಡ್ಸು ಗಂಟೆಗೆ ಹದಿನೈದು ಕಿಲೋಮೀಟರ್ ವೇಗದಲ್ಲಿ ತೆವಳಿಕೊಂಡು ಬರುತ್ತಿತ್ತು. ಮನುಷ್ಯರು ಮಾತ್ರ ಊರಾಚೆ ಇಳಿದು, ಟೆಂಪೋದಲ್ಲಿ ಒಬ್ಬರ ಮೇಲೊಬ್ಬರು ಕೂತು, ಅದೇ ಮೂರು ಕಿಲೋಮೀಟರಿಗೆ ಮುಕ್ಕಾಲು ಗಂಟೆ ಬೆವರು ಸುರಿಸಬೇಕಿತ್ತು. ಪ್ಯಾಸೆಂಜರ್ ರೈಲು ಪೇಟೆಯವರೆಗೆ ಬರಲಿ ಎಂದು ಊರು ಮೂವತ್ತು ವರ್ಷ ಕೂಗಿತ್ತು. ಕೊನೆಗೆ ಒಪ್ಪಿಗೆ ಸಿಕ್ಕಿತು. ಹಳಿ ಪರೀಕ್ಷೆಯಾಗಬೇಕು, ಒಂದು ಟ್ರಯಲ್ ರೈಲು ಓಡಬೇಕು, ಆಮೇಲೆ ದಿನಕ್ಕೆ ಎಂಟು ರೈಲು, ಗಂಟೆಗೆ ಐವತ್ತು ಕಿಲೋಮೀಟರ್ ವೇಗದಲ್ಲಿ.

ಹಳಿ ಪರೀಕ್ಷೆಗೆ ಬಂದವನು ನಾನು. ಭೌತಶಾಸ್ತ್ರ ಓದಿದವನು. ನಾಲ್ಕು ಗಾಲಿಯ ಯಂತ್ರವೊಂದನ್ನು ಹಳಿಯ ಮೇಲೆ ತಳ್ಳುತ್ತಾ, ಅದು ಉಕ್ಕಿನೊಳಗೆ ಕಳಿಸುವ ಸೂಕ್ಷ್ಮ ಶಬ್ದದ ಮರುದನಿಯನ್ನು ಪರದೆಯಲ್ಲಿ ಓದುವುದು ನನ್ನ ಕೆಲಸ. ಬಿರುಕಿದ್ದರೆ ಗೆರೆ ಚಿಮ್ಮುತ್ತದೆ.

ಮೊದಲ ದಿನ ಅಕ್ಕ ನನ್ನ ಬೂಟು ನೋಡಿ, "ಮನೇಲಿ ಇನ್ನೊಂದು ಜೊತೆ ಇದೆಯಾ ಸಾರ್?" ಎಂದು ಕೇಳಿದರು. "ಇಲ್ಲ" ಎಂದೆ. "ಇವತ್ತು ಸಂಜೆ ತಗೋತೀರಿ ಬಿಡಿ."

ಅವರು ಹೇಳಿದ್ದು ನಿಜವಾಯಿತು. ನಾನು ಎಂಟು ಊರುಗಳ ಹಳಿ ನೋಡಿದ್ದೇನೆ, ಅಂಥ ಮೂರು ಕಿಲೋಮೀಟರ್ ಎಲ್ಲೂ ನೋಡಿಲ್ಲ. ಮೊದಲ ಕಿಲೋಮೀಟರ್ ಹೇಸಿಗೆ, ಹೊಸತು ಮತ್ತು ಒಣಗಿದ್ದು. ಎರಡನೆಯದರಲ್ಲಿ ತರಕಾರಿ ಮಂಡಿಯವರು ಎಸೆದ ಎಲೆಕೋಸು ಕೊಳೆತು ಲೋಳೆಯಾಗಿ, ಹಳಿಯಡಿಯ ಅಡ್ಡದಿಮ್ಮಿಗಳಾದ ಸ್ಲೀಪರಿನ ಮೇಲೆ ಹರಿದಿತ್ತು. ಕ್ಷೌರದಂಗಡಿಯ ಕೂದಲಿನ ಗುಡ್ಡೆ, ನರ್ಸಿಂಗ್ ಹೋಮಿನ ಹಿಂದೆ ಕೆಂಪು ಹತ್ತಿ ಮತ್ತು ಸೂಜಿ, ಊದಿಕೊಂಡ ನಾಯಿ. ಮಹಡಿ ಮನೆಯ ಹೆಂಗಸೊಬ್ಬರು ನಮ್ಮನ್ನು ನೋಡುತ್ತಲೇ ಮಗುವಿನ ಬಳಸಿದ ಡೈಪರನ್ನು ಮೇಲಿನಿಂದ ಬಿಟ್ಟರು. ಅದು ಯಂತ್ರದ ಪರದೆಯ ಮೇಲೇ ಬಿತ್ತು.

"ಅಮ್ಮಾ, ಕೆಳಗೆ ಜನ ಇದೀವಿ!" ಎಂದು ಅಕ್ಕ ಕೂಗಿದರು.

"ಹಳಿ ಮೇಲೆ ಯಾರು ನಡೀರಿ ಅಂದ್ರು?" ಎಂದು ಮೇಲಿನಿಂದ ಉತ್ತರ ಬಂತು. "ರೈಲು ಯಾವಾಗ ಬಿಡ್ತೀರಿ, ಅದು ಹೇಳಿ ಮೊದಲು."

ಮೀನು ಮಾರ್ಕೆಟ್ಟಿನ ಹಿಂದೆ ಬಂದಾಗ ನನಗೆ ವಾಂತಿಯಾಯಿತು. ಅಕ್ಕ ನೀರಿನ ಬಾಟಲಿ ಕೊಟ್ಟರು. ಗೋಡೆಯೊಳಗಿಂದ ನಾಲ್ಕಿಂಚಿನ ಪೈಪೊಂದು ಹೊರಗೆ ಚಾಚಿತ್ತು. ಅದರಿಂದ ಐಸ್ ಕರಗಿದ ನೀರು, ಅದರಲ್ಲಿ ಉಪ್ಪು, ಮೀನಿನ ರಕ್ತ, ಪೊರೆ, ಕರುಳು, ಹಗಲಿಡೀ ಹಳಿಯ ಬುಡಕ್ಕೆ ಸುರಿಯುತ್ತಿತ್ತು. ಅಕ್ಕ ಆ ಜಾಗ ಅಳೆದಿದ್ದರು. ನಲವತ್ತು ಹೆಜ್ಜೆ.

ಪೈಪು ಐಸ್ ಸಾಹುಕಾರನದು. ಊರಿಗೆಲ್ಲ ಮೀನು ಮತ್ತು ಐಸ್ ಒದಗಿಸುವ ಆತನೇ 'ಪೇಟೆಗೆ ರೈಲು' ಸಮಿತಿಯ ಅಧ್ಯಕ್ಷ. ಹಳಿಯ ಮೇಲೆ ಹೋಗಿ ಕೂತು ಧರಣಿ ಮಾಡಿದ ಫೋಟೋ ಆತನ ಅಂಗಡಿಯಲ್ಲಿ ಚೌಕಟ್ಟು ಹಾಕಿಸಿಕೊಂಡು ತೂಗುತ್ತಿತ್ತು. ಧರಣಿ ಮಾಡಿದ್ದು ದೊಡ್ಡ ಸ್ಟೇಷನ್ನಿನ ಸ್ವಚ್ಛ ಹಳಿಯ ಮೇಲೆ ಎನ್ನುವುದನ್ನು ಬೇರೆ ಹೇಳಬೇಕಿಲ್ಲ.

ಅಕ್ಕ ಆತನ ಬಳಿಗೆ ಆರು ಸಲ ಹೋಗಿ ಹೇಳಿದ್ದರು. ಏಳನೆಯ ಸಲ ನಾನೂ ಜೊತೆಗಿದ್ದೆ.

"ಸಾಹುಕಾರ್ರೇ, ಆ ಪೈಪು ತಿರುಗಿಸಿ. ಎದುರಿಗೇ ಮೋರಿ ಇದೆ."

"ಏನಮ್ಮಾ ನಿಂದು? ಮೋರಿ ಅಂಗಡಿ ಮುಂದೆ ಇರೋದು. ಅಲ್ಲಿ ಬಿಟ್ರೆ ಗಿರಾಕಿಗಳು ಮೂಗು ಮುಚ್ಕೋತಾರೆ."

"ರೈಲಲ್ಲಿ ಬರೋರಿಗೆ ಮೂಗು ಇರಲ್ವಾ?"

"ರೈಲು ಮೊದಲು ಬರಲಿ ತಾಯಿ. ಬಂದ ಮೇಲೆ ವಾಸನೆ ತಾನಾಗಿ ಹೋಗುತ್ತೆ." ಆತ ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸಿದ. "ಕಬ್ಬಿಣಕ್ಕೆ ನೀರು ಬಿದ್ರೆ ಏನಾಗುತ್ತೆ ಇಂಜಿನಿಯರ್ರೇ? ತಣ್ಣಗಿರುತ್ತೆ."

ನಾನು ನಕ್ಕೆ. ಆ ನಗು ಈಗಲೂ ನನಗೆ ಅಸಹ್ಯ ಹುಟ್ಟಿಸುತ್ತದೆ.

ಏಕೆಂದರೆ ನನ್ನ ಯಂತ್ರ ಆ ನಲವತ್ತು ಹೆಜ್ಜೆಯಲ್ಲಿ ಒಂದೇ ಒಂದು ಗೆರೆ ಚಿಮ್ಮಿಸಲಿಲ್ಲ. 'ದೋಷವಿಲ್ಲ' ಎಂದು ನಮೂನೆಯಲ್ಲಿ ತುಂಬಿ, ಸಹಿ ಹಾಕಿ ಕೊಟ್ಟುಬಿಟ್ಟೆ. ನನ್ನ ಸಹಿ ನೋಡಿದ, ಆ ಲೈನಿನ ಹೊಣೆ ಹೊತ್ತ ಸೆಕ್ಷನ್ ಇಂಜಿನಿಯರು ಟ್ರಯಲ್ ರೈಲಿಗೆ ಗುರುವಾರ ಬೆಳಿಗ್ಗೆ ಹತ್ತು ಗಂಟೆಯೆಂದು ದಿನ ಗೊತ್ತುಮಾಡಿದರು.

ಅಕ್ಕನಿಗಿಂತ ಹೆಚ್ಚಾಗಿ ಆ ರೈಲು ಬೇಕಾಗಿದ್ದವರು ಯಾರೂ ಇರಲಿಲ್ಲವೆಂದು ನನಗೆ ಆಮೇಲೆ ತಿಳಿಯಿತು. ಒಂದು ಸಂಜೆ ಯಂತ್ರಕ್ಕೆ ಚಾರ್ಜ್ ಹಾಕಲು ಅವರ ಮನೆಗೆ ಹೋಗಿದ್ದೆ. ಎರಡು ಕೋಣೆಯ ಮನೆ. ಬಾಗಿಲಾಚೆ ಒಂದು ತಗಡಿನ ಡಬ್ಬ, ಹಳಿಯ ಮೇಲೆ ಹಾಕುವ ಬೂಟು ಅದರಲ್ಲಿ. ಅಕ್ಕ ಅವತ್ತು ಹಳಿಯಿಂದ ತಡವಾಗಿ ಬಂದಿದ್ದರು, ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ; ಹಿತ್ತಿಲ ಕಡೆಯಿಂದ ಹೋಗಿ ಎರಡು ಸಲ ಸೋಪು ಹಚ್ಚಿ ಸ್ನಾನ ಮಾಡಿದ ಮೇಲೇ ಅವರ ಮೊದಲ ತುತ್ತು. ಅವರ ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಮಾತು ಕಡಿಮೆ. ಮಾತೆಲ್ಲ ಗಂಡನ ತಂಗಿಯದು. ಆಕೆ ಗೋದಾಮಿನ ಪಕ್ಕ, ಮೀನು ಮಾರ್ಕೆಟ್ಟಿನ ಗೋಡೆಗೊರಗಿ ತಳ್ಳುಗಾಡಿಯಲ್ಲಿ ಗುಂಡಿ, ಜಿಪ್ಪು, ದಾರ ಮಾರುತ್ತಿದ್ದಳು.

"ಅತ್ತಿಗೆ, ರೈಲು ಬಂದ್ರೆ ನನ್ನ ಗಾಡಿ ಸ್ಟೇಷನ್ ಬಾಗಿಲಲ್ಲೇ ಇರುತ್ತೆ ಗೊತ್ತಾ? ಇಳಿದ ತಕ್ಷಣ ಜನಕ್ಕೆ ಮೊದಲು ಕಾಣೋದು ನಾನು."

"ಹೆದರಿ ವಾಪಸ್ ಹತ್ತಿಬಿಟ್ಟಾರು ಕಣೇ."

"ನೋಡಿ ಸಾರ್, ಹೆಂಗೆ ಮಾತಾಡ್ತಾರೆ! ಇಷ್ಟು ವರ್ಷ ಖಾಲಿ ಹಳಿ ಕಾದು ಕಾದು ಇವರ ಬಾಯಿ ತುಕ್ಕು ಹಿಡಿದಿದೆ."

ಅಕ್ಕ ನಕ್ಕರು. ಆಮೇಲೆ ತಟ್ಟೆಯತ್ತ ನೋಡುತ್ತಾ ಮೆಲ್ಲಗೆ ಹೇಳಿದರು: "ಒಂದು ಸಲ ಆ ಕಿಟಕಿಗಳ ತುಂಬ ಜನ ಕೂತು ಹೋಗೋದು ನೋಡ್ಬೇಕು ಸಾರ್. ಸಿಮೆಂಟು ಮೂಟೆಗಾಗಿ ಇಷ್ಟು ವರ್ಷ ಆ ಗಲೀಜು ತುಳಿದೆ ಅಂತ ಆಗಬಾರದು." ತಟ್ಟೆ ಸರಿಸಿ ಕೇಳಿದರು: "ನಿಮ್ಮ ಮಿಷನ್ನು ಹಳಿಯ ಪಾದ ನೋಡುತ್ತಾ?"

ಹಳಿಗೆ ತಲೆ, ಸೊಂಟ, ಪಾದ ಎಂದು ಮೂರು ಭಾಗ. ಗಾಲಿ ಓಡುವುದು ತಲೆಯ ಮೇಲೆ. ಸ್ಲೀಪರಿನ ಮೇಲೆ ಚಪ್ಪಟೆಯಾಗಿ ಕೂರುವುದು ಪಾದ. ನನ್ನ ಯಂತ್ರದ ಶಬ್ದ ತಲೆಯಿಂದ ನೆಟ್ಟಗೆ ಕೆಳಗಿಳಿಯುತ್ತದೆ. ಸೊಂಟದ ಕೆಳಗಿನ ನಡುಭಾಗ ಮುಟ್ಟಿ ವಾಪಸು ಬರುತ್ತದೆ. ಪಾದದ ಎರಡು ಅಂಚುಗಳಿಗೆ ಅದು ಹೋಗುವುದೇ ಇಲ್ಲ. ಇದು ನನಗೆ ಪರೀಕ್ಷೆಗೆ ಓದಿದ ಕಾಲದಿಂದಲೂ ಗೊತ್ತಿತ್ತು. ಗೊತ್ತಿದ್ದೂ ಯಾರೂ ಕೇಳದ್ದರಿಂದ ಮರೆತಿದ್ದೆ.

"ಅಂಚು ಕಾಣಲ್ಲ," ಎಂದೆ.

"ಹಾಗಾದ್ರೆ ನಾಳೆ ಬೆಳಿಗ್ಗೆ ಬನ್ನಿ. ಕೈಗೆ ಕಾಣುತ್ತೆ."

ಮರುದಿನ ಹೋದಾಗ ಆ ಜಾಗ ಗುರುತೇ ಸಿಗಲಿಲ್ಲ. ಟ್ರಯಲ್‌ಗೆಂದು ಇಂಜಿನಿಯರು ಎರಡು ಲಾರಿ ಹೊಸ ಜಲ್ಲಿ ತರಿಸಿ ಎಲ್ಲ ಹೊಲಸಿನ ಮೇಲೂ ಹಾಸಿಸಿದ್ದರು. ಬೂದುಬಣ್ಣದ ಕಲ್ಲು ನುಣ್ಣಗೆ, ಒಪ್ಪವಾಗಿ. ಹಳಿಗೆ ಕರಿ ಬಣ್ಣ ಬೇರೆ ಬಳಿಸಿದ್ದರು. ಹೇಸಿಗೆ ತೆಗೆಯುವ ಕೆಲಸಕ್ಕೆ ಜನ ಸಿಗುವುದಿಲ್ಲ, ಮುಚ್ಚುವ ಕೆಲಸಕ್ಕೆ ಸಿಗುತ್ತಾರೆ. ಉಪ್ಪುನೀರು ಮೊದಲಾದರೂ ಬಿಸಿಲಿಗೆ ಒಣಗುತ್ತಿತ್ತು, ಈಗ ಕಲ್ಲಿನಡಿಯಲ್ಲಿ ಹಳಿಗೆ ಅಂಟಿಕೊಂಡೇ ಇತ್ತು.

ಅಕ್ಕ ಮಂಡಿಯೂರಿ ಕೈಯಿಂದಲೇ ಜಲ್ಲಿ ಬಗೆದರು. ಕಪ್ಪು ಕೆಸರು ಬಂತು, ಅದರಲ್ಲಿ ಬಿಳಿ ಹುಳು. ಮೊಣಕೈವರೆಗೆ ಕೈ ಹಾಕಿ, "ಇಲ್ಲಿ ಹಿಡೀರಿ," ಎಂದರು. ನಾನು ಕಣ್ಣು ಮುಚ್ಚಿ ಕೈ ಹಾಕಿದೆ. ಹಳಿಯ ಪಾದ ಬೆರಳಿಗೆ ಸಿಕ್ಕಿತು, ಎಳೆದರೆ ಹಪ್ಪಳದಂಥ ತುಕ್ಕಿನ ಚಕ್ಕೆ ಕೈಗೆ ಕಿತ್ತು ಬಂತು. ಒರೆಸಿ, ಅಳತೆಯ ಕ್ಯಾಲಿಪರ್ ಹಿಡಿದೆ. ಅಂಚು ಹನ್ನೊಂದು ಮಿಲಿಮೀಟರ್ ದಪ್ಪವಿರಬೇಕು. ನಾಲ್ಕಿತ್ತು. ಹತ್ತು ಹೆಜ್ಜೆ ಮುಂದೆ ಮೂರೂವರೆ. ಒಂದು ಕಡೆ ಅಂಚು ಇರಲೇ ಇಲ್ಲ.

ಗೂಡ್ಸು ತೆವಳಿಕೊಂಡು ಹೋಗಲು ಅದು ಸಾಕಾಗಿತ್ತು. ಐವತ್ತು ಕಿಲೋಮೀಟರ್ ವೇಗದಲ್ಲಿ, ಏಳುನೂರು ಜನರನ್ನು ತುಂಬಿಕೊಂಡ ರೈಲಿಗೆ ಸಾಕಾಗುತ್ತಿರಲಿಲ್ಲ. ಇವತ್ತಲ್ಲದಿದ್ದರೆ ಮುಂದಿನ ತಿಂಗಳು ಹಳಿ ಮುರಿಯುತ್ತಿತ್ತು.

ಇಬ್ಬರೂ ಅದೇ ಕೈಯಲ್ಲಿ ಇಂಜಿನಿಯರ ಆಫೀಸಿಗೆ ಹೋದೆವು. ಅವರು ಮೊದಲು ಕುರ್ಚಿ ಹಿಂದಕ್ಕೆ ಸರಿಸಿಕೊಂಡರು, ಆಮೇಲೆ ಫ್ಯಾನ್ ಜೋರು ಮಾಡಿದರು.

"ನಿಮ್ಮದೇ ರಿಪೋರ್ಟಲ್ಲಿ ದೋಷವಿಲ್ಲ ಅಂತ ಇದೆಯಲ್ರೀ?" ಎಂದರು ನನಗೆ.

"ಯಂತ್ರಕ್ಕೆ ಅಂಚು ಕಾಣಲ್ಲ ಸಾರ್. ಕೈಯಿಂದ ಅಳೆದಿದ್ದೀವಿ. ತಿದ್ದಿ ಬರೀತೀನಿ."

"ಎಲ್ಲಿ ಬರೀತೀರಿ? ಈ ನಮೂನೆಯಲ್ಲಿ ಅದಕ್ಕೆ ಕಾಲಂ ಇಲ್ಲ."

ನಿಜವಾಗಿಯೂ ಇರಲಿಲ್ಲ. ನಾನು ಕಾಗದದ ಅಂಚಿನಲ್ಲಿ ಬರೆದೆ. ಅವರು ಅದನ್ನು ಮೇಜಿನ ಕೆಳಗಿನ ಡ್ರಾಯರಿಗೆ ಹಾಕಿದರು.

"ನೋಡಮ್ಮಾ," ಎಂದರು ಅಕ್ಕನಿಗೆ, "ಒಂದು ಸಲ ಟ್ರಯಲ್ ಆಗಿಬಿಡಲಿ. ಹಳಿ ಆಮೇಲೆ ಬದಲಾಯಿಸೋಣ. ಇವತ್ತಿನ ಡೈರಿಗೆ ಸಹಿ ಮಾಡು."

"ಇಷ್ಟು ವರ್ಷ 'ಗೂಡ್ಸಿಗೆ ಸರಿ, ಹಳಿ ಸವೆದಿದೆ' ಅಂತ ಬರೆದೆ ಸಾರ್. ಒಂದು ಸಲನಾದ್ರೂ ಓದಿದ್ರಾ? ಈಗ ಓದಿ." ಅಲ್ಲೇ ನಿಂತು, ಡೈರಿಯಲ್ಲಿ 'ಜನರ ರೈಲಿಗೆ ಲೈನು ಸುರಕ್ಷಿತವಲ್ಲ' ಎಂದು ಬರೆದು, ಕೆಸರು ಬೆರಳಿನ ಗುರುತು ಸಮೇತ ಮೇಜಿನ ಮೇಲಿಟ್ಟರು.

"ನಾಳೆ ನೀನು ರಜೆ ತಗೋ. ಬೇರೆಯವರನ್ನ ಹಾಕ್ತೀನಿ."

ಆದರೆ ಹಳಿ ರಿಪೇರಿ ಗ್ಯಾಂಗಿನ ಹನ್ನೊಂದು ಜನರಲ್ಲಿ ಒಬ್ಬನೂ ಆ ಹಾದಿಗೆ ಕಾಲಿಡಲು ಒಪ್ಪಲಿಲ್ಲ. ಒಬ್ಬನಿಗೆ ಹೊಟ್ಟೆನೋವು ಬಂತು, ಒಬ್ಬನಿಗೆ ಅತ್ತೆಗೆ ಹುಷಾರಿಲ್ಲ, ಉಳಿದವರು ಕಾರಣ ಹೇಳುವ ಗೋಜಿಗೂ ಹೋಗಲಿಲ್ಲ. ಗುರುವಾರ ಬೆಳಿಗ್ಗೆ ಲೈನು ನಡೆಯಲು ಅಕ್ಕನೇ ಹೋಗಬೇಕಾಯಿತು. ಆ ಊರಿನ ಹೊಲಸಿನಿಂದ ಆದ ಒಂದೇ ಉಪಕಾರವೆಂದರೆ ಇದು.

ಹತ್ತೂಕಾಲಿಗೆ ಟ್ರಯಲ್ ರೈಲು ಬಂತು. ಮೂರು ಬೋಗಿ, ಒಳಗೆ ದೊಡ್ಡ ಕಚೇರಿಯಿಂದ ಬಂದ ಇನ್‌ಸ್ಪೆಕ್ಟರ್, ಅವರ ಪಕ್ಕ ನಮ್ಮ ಇಂಜಿನಿಯರು, ಎದುರಿಗೆ ಬಿಳಿ ಪ್ಯಾಂಟಿನ ಐಸ್ ಸಾಹುಕಾರ. ಗೋದಾಮಿನ ಮುಂದೆ ಇಡೀ ಪೇಟೆ ನೆರೆದಿತ್ತು. ಮೀನು ಮಾರ್ಕೆಟ್ಟಿಗೆ ಸಾಕಷ್ಟು ದೂರದಲ್ಲೇ ಅಕ್ಕ ಹಳಿಗಳ ನಡುವೆ ಕೆಂಪು ಬಾವುಟ ನೆಟ್ಟು, ಕೈಯಲ್ಲೊಂದು ಹಿಡಿದು ನಿಂತಿದ್ದರು. ನಾನು ಅವರ ಪಕ್ಕ ನಿಂತಿದ್ದೆ. ಧೈರ್ಯದಿಂದ ಎಂದು ಹೇಳಲಾರೆ. ಅವರ ಪಕ್ಕ ನಿಲ್ಲದೆ ಬೇರೆಲ್ಲಿ ನಿಂತರೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತಿತ್ತು.

ರೈಲು ನಿಂತಿತು. ಇಂಜಿನಿಯರು ಬಾಗಿಲಿಂದ ಕೂಗಿದರು: "ತೆಗೀ ಅದನ್ನ! ಹುಚ್ಚು ಹಿಡಿದಿದೆಯಾ ನಿನಗೆ?"

"ಇನ್‌ಸ್ಪೆಕ್ಟರ್ ಸಾಹೇಬ್ರು ಇಳಿದು ಬಂದು ನೋಡಲಿ ಸಾರ್. ಆಮೇಲೆ ತೆಗೀತೀನಿ."

ಇನ್‌ಸ್ಪೆಕ್ಟರ್ ವಯಸ್ಸಾದವರು. ಕರವಸ್ತ್ರ ಮೂಗಿಗೆ ಹಿಡಿದು ಇಳಿದರು, ನಲವತ್ತು ಹೆಜ್ಜೆಯ ಜಾಗಕ್ಕೆ ನಡೆದು ಬಂದರು. ಅಕ್ಕ ಬೆಳಿಗ್ಗೆಯೇ ಜಲ್ಲಿ ಬಗೆದಿಟ್ಟಿದ್ದರು. ಇನ್‌ಸ್ಪೆಕ್ಟರು ಬಗ್ಗಿ ನೋಡಿದರು. ಕರವಸ್ತ್ರ ಜೇಬಿಗೆ ಸೇರಿಸಿ, ಅಂಗಿಯ ತೋಳು ಮಡಚಿ, ತಾವೂ ಕೈ ಹಾಕಿದರು. ಚಕ್ಕೆ ಅವರ ಕೈಗೂ ಬಂತು.

"ಇದು ಯಾರ ಪೈಪು?" ಎಂದು ಕೇಳಿದರು.

ಬೋಗಿಯ ಕಿಟಕಿಯಲ್ಲಿದ್ದ ಸಾಹುಕಾರ ಬೇರೆ ಕಡೆ ನೋಡುತ್ತಿದ್ದ.

ರೈಲು ಹಿಂದಕ್ಕೆ ಹೋಯಿತು. ಹಳಿ ಬದಲಾಯಿಸುವವರೆಗೆ ಪ್ಯಾಸೆಂಜರ್ ಸೇವೆ ಮುಂದಕ್ಕೆ ಹೋಗಿದೆಯೆಂದು ಮಧ್ಯಾಹ್ನ ನೋಟಿಸ್ ಬಿತ್ತು. ಸಂಜೆಯೊಳಗೆ ಊರಿನ ಬಾಯಲ್ಲಿ ಅದು ಹೀಗಾಯಿತು: ಮೂವತ್ತು ವರ್ಷಕ್ಕೆ ಬಂದ ರೈಲನ್ನು ಒಬ್ಬ ಹೆಂಗಸು ತಿರುಗಿಸಿ ಕಳಿಸಿದಳು. ಐದು ತಿಂಗಳು ಊರು ಅವರಿಗೆ ತೋರಿಸಿದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ಮನೆ ಬಾಗಿಲಿಗೆ ಮೀನಿನ ಕರುಳು ಎಸೆದರು. ಸುತ್ತಿಗೆಯ ಸದ್ದು ಕೇಳಿದರೂ ಬೇಕೆಂದೇ ಏಳದೆ ಕೂತರು. ಟೆಂಪೋದವರು ಅವರನ್ನು ಹತ್ತಿಸಿಕೊಳ್ಳಲಿಲ್ಲ. "ನಿನ್ನ ರೈಲಲ್ಲಿ ಹೋಗು" ಎಂದರು. ನಾದಿನಿ ಮಾತು ಬಿಟ್ಟಳು. ಬೇಕಾದದ್ದನ್ನು ಅಣ್ಣನ ಕಡೆ ತಿರುಗಿ ಹೇಳುತ್ತಿದ್ದಳು: "ಅಣ್ಣಾ, ನಿನ್ನ ಹೆಂಡ್ತಿಗೆ ಸಾರು ಬೇಕಾ ಕೇಳು."

ಅಕ್ಕ ಎಲ್ಲವನ್ನೂ ನುಂಗಿಕೊಂಡರು. ಡೈರಿಯಲ್ಲಿ ಒಂದು ದಿನವೂ ತಪ್ಪಲಿಲ್ಲ.

ಹೊಸ ಹಳಿ ಬಂತು. ನಾನು ವರ್ಗವಾಗಿ ಹೋಗುವ ಮುಂಚೆ ಕೊನೆಯ ಪರೀಕ್ಷೆಗೆಂದು ಬಂದಿದ್ದೆ. ಈ ಸಲ ಯಂತ್ರದ ಜೊತೆ ಕ್ಯಾಲಿಪರನ್ನೂ ಹಿಡಿದು. ನಲವತ್ತು ಹೆಜ್ಜೆ ಸ್ವಚ್ಛವಾಗಿತ್ತು, ಅಂಚು ಹನ್ನೊಂದು ಮಿಲಿಮೀಟರ್. ಮೊದಲ ಪ್ಯಾಸೆಂಜರ್ ಮರುದಿನ ಬೆಳಿಗ್ಗೆ. ಅಲ್ಲಿಂದ ಇಪ್ಪತ್ತು ಹೆಜ್ಜೆ ಮುಂದೆ ಅಕ್ಕ ನಿಂತುಬಿಟ್ಟರು.

ಗೋಡೆಯಲ್ಲಿ ಹೊಸ ತೂತು, ಹೊಸ ಪೈಪು. ಇನ್‌ಸ್ಪೆಕ್ಟರು ಮುಚ್ಚಿಸಿದ್ದು ಹಳೆಯದನ್ನು. ಸಾಹುಕಾರನಿಗೆ ಕೊಟ್ಟ ನೋಟಿಸಿನಲ್ಲಿ ಬರೆದಿದ್ದೂ ಆ ಜಾಗವನ್ನೇ. ಆತ ಅದನ್ನು ಅಕ್ಷರಶಃ ಪಾಲಿಸಿದ್ದ. ಹೊಚ್ಚಹೊಸ ಹಳಿಯ ಬುಡಕ್ಕೆ ಕೆಂಪುನೀರು ಸುರಿಯುತ್ತಿತ್ತು, ಒಂದು ಮೀನಿನ ಕಣ್ಣು ಪಾದದ ಅಂಚಿಗೆ ಅಂಟಿಕೊಂಡಿತ್ತು.

ಅಷ್ಟು ದಿನದಲ್ಲಿ ಮೊದಲ ಸಲ ಅಕ್ಕನ ಮುಖದಲ್ಲಿ ಸೋತ ಕಳೆ ಕಂಡೆ. "ಥೂ," ಎಂದರು ಅಷ್ಟೇ. ಆಮೇಲೆ ಗೋದಾಮಿನ ಮೂಲೆಯಿಂದ ಹಳೇ ಮರದ ಸ್ಲೀಪರಿನ ತುಂಡು ತಂದು, ಒಂದು ತುದಿಯನ್ನು ಕೆತ್ತಿ ಮೊನೆ ಮಾಡಿ, ಗೋಣಿಚೀಲ ಸುತ್ತಿ, ಪೈಪಿನ ಬಾಯಿಗಿಟ್ಟು ಬಡಿದರು. ಒಂಬತ್ತು ಏಟಿಗೆ ಒಂದು ಹನಿಯೂ ಹೊರಬರಲಿಲ್ಲ.

ಹತ್ತು ನಿಮಿಷದಲ್ಲಿ ಗೋಡೆಯ ಆಚೆ ನೀರು ತುಂಬಿತು. ಆಮೇಲೆ ಬೈಗುಳ. ಆಮೇಲೆ ಸಾಹುಕಾರನೇ ಸುತ್ತು ಹಾಕಿಕೊಂಡು ಓಡಿ ಬಂದ. ಅವನ ಮೊಣಕಾಲವರೆಗೆ ಕೆಂಪುನೀರು, ಪ್ಯಾಂಟಿಗೆ ಪೊರೆ ಮೆತ್ತಿಕೊಂಡಿತ್ತು.

"ಅಂಗಡಿ ತುಂಬ ಹೊಲಸು ಹರೀತಾ ಇದೆ! ಗಿರಾಕಿ ಎಲ್ಲ ಓಡಿ ಹೋದ್ರು! ಕೀಳು ಅದನ್ನ!"

"ಮೋರಿ ಎದುರಿಗೇ ಇದೆ ಸಾಹುಕಾರ್ರೇ."

"ನನ್ನ ಪೈಪು ಮುಚ್ಚಕ್ಕೆ ನೀನ್ಯಾರೇ? ನೀನು ಮನೆಗೆ ಹೋದ ಮೇಲೆ ಕಿತ್ತು ಬಿಸಾಡ್ತೀನಿ!"

ಅದು ನಿಜ. ಅಕ್ಕನ ಪಾಳಿ ಎರಡು ಗಂಟೆಗೆ ಮುಗಿಯುತ್ತಿತ್ತು. ಉತ್ತರ ಕೊಟ್ಟದ್ದು ಅಲ್ಲೇ ಗೋಡೆಗೊರಗಿ ಗುಂಡಿ ಮಾರುತ್ತಿದ್ದ ನಾದಿನಿ. ಗಾಡಿಯನ್ನು ಗಡಗಡ ತಳ್ಳಿಕೊಂಡು ಬಂದು, ಪೈಪಿನ ಬಾಯಿಗೆ ಅಡ್ಡ ನಿಲ್ಲಿಸಿ, ಗಾಲಿಗೆ ಕಲ್ಲು ಕೊಟ್ಟಳು.

"ಕೀಳ್ತೀಯಾ? ಬಾ, ಕೀಳು. ನಾಳೆ ನನ್ನ ಗಿರಾಕಿಗಳು ಬರೋ ರೈಲಿನ ಕಾಲು ತಿಂತೀಯಾ ನೀನು? ಬೆಳಿಗ್ಗೆ ಏಳರಿಂದ ಸಂಜೆ ಏಳರ ತನಕ ನಾನು ಇಲ್ಲೇ ಕೂತಿರ್ತೀನಿ. ಅಷ್ಟು ಹೊತ್ತೂ ನಿನ್ನ ನೀರು ನೀನೇ ಈಜು."

ಸಾಹುಕಾರ ಅಕ್ಕನನ್ನೂ ಆಕೆಯನ್ನೂ ನೋಡಿದ. ಗೋಡೆಯಾಚೆಯಿಂದ ಯಾರೋ ಅವನನ್ನು ಕೂಗುತ್ತಿದ್ದರು. ಪಚಪಚ ಸದ್ದು ಮಾಡುತ್ತಾ ಹೋದ. ಸಂಜೆಯೊಳಗೆ ಅವನ ಕೆಲಸಗಾರರು ಅಂಗಡಿ ಮುಂದೆ ಮೋರಿಗೆ ಕಾಲುವೆ ಅಗೆಯುತ್ತಿರುವುದನ್ನು ನಾನೇ ಕಂಡೆ.

ನಾದಿನಿ ಗಾಡಿಯ ಮೇಲಿನ ಗುಂಡಿ ಪೆಟ್ಟಿಗೆಗಳನ್ನು ಮತ್ತೆ ಸಾಲಾಗಿ ಜೋಡಿಸುತ್ತಿದ್ದಳು. ತಲೆಯೆತ್ತದೆ, ಆದರೆ ಈ ಸಲ ಅಣ್ಣನ ಮೂಲಕವಲ್ಲದೆ, ಹೇಳಿದಳು:

"ಅತ್ತಿಗೆ, ದೂರ ನಿಂತ್ಕೊಳ್ಳಿ ಸ್ವಲ್ಪ. ನಾರ್ತಾ ಇದೀರಿ."